ಹಳೇ ಯುರೋಪಿನ ಕತ್ತಿಯ ಫೋಟೋ ಹಾಕುವ ಮುನ್ನ

ಗೆಳೆಯರೇ, ‘ಈ ಕತ್ತಿ ಎಲ್ಲಿಯದು, ಯಾರು ಮಾಡಿದ್ದು?’ ಅಂತ ಕೇಳುವವರು ಗುಂಪಿನಲ್ಲಿ ಜಾಸ್ತಿ ಆಗಿದ್ದಾರೆ. ತುಂಬಾ ಖುಷಿ. ಆದರೆ ಇಡೀ ಕತ್ತಿಯ ಒಂದೇ ಫೋಟೋ ಸಾಲದು. ಹಿಡಿಯ ಪಕ್ಕದ ಒಂದು ಗೇಣು ಅಲಗನ್ನು ಎರಡೂ ಬದಿಯಿಂದ ತೆಗೆಯಿರಿ. ಬೆಳಕು ಓರೆಯಾಗಿ ಬೀಳಲಿ, ಮಾಡಿದವರು ಹಾಕಿದ ಗುರುತು ಸವೆದಿದ್ದರೂ ಎದ್ದು ಕಾಣುತ್ತದೆ.

ಅಲಗಿನ ಬೆನ್ನನ್ನು, ಅಂದರೆ ಹರಿತವಿಲ್ಲದ ದಪ್ಪ ಅಂಚನ್ನು, ಮರೀಬೇಡಿ. 19ನೇ ಶತಮಾನದ ಎಷ್ಟೋ ಫ್ರೆಂಚ್ ಸೇನಾ ಕತ್ತಿಗಳಲ್ಲಿ ಕಾರ್ಖಾನೆಯ ಹೆಸರು, ತಿಂಗಳು, ವರ್ಷ ಎಲ್ಲಾ ಅಲ್ಲೇ ಕೊರೆದಿರುತ್ತದೆ. ಲಂಡನ್ನಿನ ವಿಲ್ಕಿನ್ಸನ್ ಕಂಪನಿಯ ಒಳ್ಳೆಯ ಕತ್ತಿಗಳ ಕ್ರಮಸಂಖ್ಯೆಯೂ ಬೆನ್ನಿನ ಮೇಲೇ.

ಗುರುತು ಸಿಕ್ಕ ಕೂಡಲೇ ನಂಬಿಬಿಡಬೇಡಿ. ಮಕ್ಕಳು ಗೀಚಿದಂತೆ ಕೆಲವೇ ಗೀರುಗಳಲ್ಲಿ ಓಡುವ ತೋಳ, ಗೀರಿನೊಳಗೆ ಹಿತ್ತಾಳೆ: ಅದು ಜರ್ಮನಿಯ ಪಸ್ಸಾವ್ ಊರಿನ ಗುರುತು. ಆದರೆ ಜೋಲಿಂಗೆನ್ ಊರಿನ ಕಮ್ಮಾರರೂ ಅದನ್ನೇ ಹಾಕಿಕೊಂಡರು. ಆಂಡ್ರಿಯಾ ಫೆರಾರಾ ಹೆಸರೂ ಹಾಗೇ. ಆತ 16ನೇ ಶತಮಾನದ ಇಟಲಿಯ ಕುಶಲಿ. ಸ್ಕಾಟ್ಲೆಂಡಿನ ಕತ್ತಿಗಳಲ್ಲಿ ಆ ಹೆಸರು ತುಂಬಾ ಸಿಗುತ್ತದೆ, ಅಲಗು ಮಾತ್ರ ಹೆಚ್ಚಾಗಿ ಜರ್ಮನಿಯದು. ಹೆಸರಿಗೆ ಬೆಲೆ ಇತ್ತು, ಅಲ್ವಾ?

ಹಿಡಿ ಒಂದೂರಿನದು, ಅಲಗು ಇನ್ನೊಂದೂರಿನದು ಆಗಿರಬಹುದು. ನಮ್ಮ ದಖನ್ನಿನ ‘ಫಿರಂಗಿ’ ಎಂಬ ಕತ್ತಿಯನ್ನೇ ನೋಡಿ. ಅಲಗು ಯುರೋಪಿನದು, ಹಿಡಿ ಇಲ್ಲಿಯದು. ಅದಕ್ಕೇ ಎರಡರ ಫೋಟೋವೂ ಬೇರೆ ಬೇರೆ ಬೇಕು.

ಕೈಮುಗಿದು ಕೇಳುತ್ತೇನೆ, ಉಪ್ಪುಕಾಗದ ಅಥವಾ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ತುಕ್ಕಿನ ಜೊತೆ ಗುರುತೂ ಹೋಗುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಲಗಿನ ಉದ್ದ, ಬುಡದ ಅಗಲ ಅಳೆದು ಫೋಟೋ ಕೆಳಗೆ ಬರೆಯಿರಿ.