ಗಾದೆ ಗೊತ್ತಿದ್ದರೆ ಸಾಲದು, ಯಾರಿಗೆ ಹೇಳಬೇಕೆಂದೂ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಹಂಗೇರಿಗೆ ಓದಲು ಹೊರಟವರು ಅಲ್ಲಿನ ಹತ್ತಾರು ಗಾದೆಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಲಿ ಎಂಬ ಸಲಹೆ ಶಿಕ್ಷಣ ಪುರವಣಿಯಲ್ಲಿ ಬಂದಿತ್ತು. ಹತ್ತಾರು ಬೇಡ, ಒಂದು ಸಾಕು. ಆ ಒಂದನ್ನು ಯಾರ ಎದುರು, ಯಾವಾಗ ಹೇಳಬೇಕೆಂಬುದು ತಿಳಿದಿರಬೇಕು ಅಷ್ಟೆ. ದೆಬ್ರೆತ್ಸೆನ್, ಸೆಗೆದ್, ಪೇಚ್ ನಗರಗಳಲ್ಲಿ ವೈದ್ಯಕೀಯ ಪಾಠ ಇಂಗ್ಲಿಷಿನಲ್ಲಿ ಸಿಗುತ್ತದೆ, ಆದರೆ ವಾರ್ಡಿನಲ್ಲಿ ಮಲಗಿರುವ ರೋಗಿಯ ಮಾತು ಹಂಗೇರಿಯನ್. ಪುಣೆಯ ಐಟಿ ಪ್ರದೇಶವಾದ ಹಿಂಜವಡಿಯಲ್ಲಿ ಕೂತು ಬುಡಾಪೆಸ್ಟಿನ ಸಹೋದ್ಯೋಗಿಗಳ ಜೊತೆ ಕೆಲಸ ಮಾಡುವವರಿಗೂ ಇದು ಅನ್ವಯಿಸುತ್ತದೆ.

ಮೊದಲು ಕಲಿಯಬೇಕಾದದ್ದು ‘ತ್ಯುರೆಲೆಮ್ ರೋಝಾತ್ ತೆರೆಮ್’. ತಾಳ್ಮೆಯ ಗಿಡ ಗುಲಾಬಿ ಬಿಡುತ್ತದೆ ಎಂಬ ಭಾವ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ: ಪದಗಳು ನಮ್ಮ ಕ್ರಮದಲ್ಲೇ ಕೂತಿವೆ, ಹಾಗಾಗಿ ನೆನಪಿಡುವುದು ಕಷ್ಟವಲ್ಲ. ಕಷ್ಟ ಇರುವುದು ಉಚ್ಚಾರದಲ್ಲಿ. ಮೊದಲಕ್ಷರದಲ್ಲಿ ‘ಯ’ ಇಲ್ಲವೇ ಇಲ್ಲ. ನಮ್ಮ ಲಿಪಿಯಲ್ಲಿ ಬೇರೆ ದಾರಿಯಿಲ್ಲದೆ ಹಾಗೆ ಬರೆಯುತ್ತೇವೆ. ನಾಲಿಗೆಯನ್ನು ‘ಇ’ ಹೇಳುವ ಜಾಗದಲ್ಲಿಟ್ಟು, ಅದನ್ನು ಅಲುಗಿಸದೆ, ತುಟಿಯನ್ನು ಮಾತ್ರ ‘ಉ’ ಎನ್ನುವಂತೆ ದುಂಡಗೆ ಮಾಡಬೇಕು. ಹ್ರಸ್ವವಾಗಿರಲಿ. ‘ಝಾ’ ಎಂದು ಬರೆದದ್ದು ನಮ್ಮ ಝಕಾರವಲ್ಲ. ‘ಶ್‌ಶ್’ ಎಂದು ಎಳೆಯುತ್ತ ಗಂಟಲ ಮೇಲೆ ಬೆರಳಿಡಿ. ಅಲ್ಲಿ ಕಂಪನ ಬರುವವರೆಗೆ ದನಿ ಸೇರಿಸಿದರೆ ಆ ಧ್ವನಿ ತಾನಾಗಿ ಬರುತ್ತದೆ. ತಕಾರ ಮಾತ್ರ ಹಲ್ಲಿಗೆ ತಾಗುವ ನಮ್ಮ ತಕಾರವೇ. ಇಂಗ್ಲಿಷಿನ ಮೂಲಕ ಕಲಿತವರು ಸುಮ್ಮನೆ ‘ಟ’ ಮಾಡಿ ಕೆಡಿಸುತ್ತಾರೆ. ಒಟ್ಟು 7 ಉಚ್ಚಾರಾಂಶ, ಮೂರು ಪದ. ಪ್ರತಿ ಪದದ ಮೊದಲ ಉಚ್ಚಾರಾಂಶಕ್ಕೆ ಒತ್ತು.

ಬಸ್ಸು, ಕಾರು ಎಂದು ರೂಢಿಯಾದ ಬಾಯಿ ಇಲ್ಲೂ ‘ತೆರೆಮು’ ಎಂದು ಉಕಾರ ಅಂಟಿಸಲು ನೋಡುತ್ತದೆ. ತುಟಿ ಮುಚ್ಚಿ ಅಲ್ಲೇ ನಿಲ್ಲಿಸಿ. ‘ರೋಝಾತ್’ ಕೊನೆಯ ‘ತ್’ ಅನ್ನು ನುಂಗುವಂತಿಲ್ಲ. ಅದು ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ. ‘ತೆರೆಮ್’ ಎಂದರೆ ಸಭಾಂಗಣ ಎಂಬ ಅರ್ಥವೂ ಇರುವುದರಿಂದ, ‘ತ್’ ಬಿಟ್ಟರೆ ಕೇಳಿದವರು ಗುಲಾಬಿ ಹಾಲ್ ಎಲ್ಲಿದೆ ಎಂದು ಹುಡುಕಿಯಾರು!

ಇನ್ನು ಬಳಕೆ. ಈ ಗಾದೆಯನ್ನು ಕಾಯುತ್ತಿರುವವರಿಗೆ ಸಮಾಧಾನವಾಗಿ ಹೇಳಬಹುದು, ಕಾಯುತ್ತಿರುವವರು ತಮಗೆ ತಾವೇ ಹೇಳಿಕೊಳ್ಳಬಹುದು. ಕಾಯಿಸುತ್ತಿರುವವರು ಹೇಳಿದರೆ ಉರಿಯುವ ಗಾಯಕ್ಕೆ ಉಪ್ಪು. ವಾಕಡ್ ಸೇತುವೆಯ ಟ್ರಾಫಿಕ್‌ನಲ್ಲಿ ಪಕ್ಕದ ಸೀಟಿನವರಿಗೆ ಹೇಳಿ, ನಡೆಯುತ್ತದೆ. ಅದೇ ಟ್ರಾಫಿಕ್ಕಿನಿಂದ ಮೀಟಿಂಗಿಗೆ ತಡವಾಗಿ ಸೇರಿಕೊಂಡು, ಆಗಲೇ ಕಾದು ಕೂತಿರುವ ಬುಡಾಪೆಸ್ಟಿನವರಿಗೆ ಹೇಳಬೇಡಿ. ಅಲ್ಲಿ ಬೇಕಾದದ್ದು ‘ಕೊಸೊನೊಮ್ ಅ ತ್ಯುರೆಲ್ಮೇತ್’, ನಿಮ್ಮ ತಾಳ್ಮೆಗೆ ಧನ್ಯವಾದ ಎಂದು. ಇದು ಒಬ್ಬರಿಗೆ ಹೇಳುವ ಗೌರವದ ಮಾತು, ಹಲವರಿಗಾದರೆ ‘ತ್ಯುರೆಲ್ಮ್ಯುಕೆತ್’. ಸಲಿಗೆಯ ಗೆಳೆಯರೊಬ್ಬರಿಗಾದರೆ ‘ತ್ಯುರೆಲ್ಮೆದೆತ್’. ನೀನು, ನೀವು ಎಂದು ತೂಗಿ ಮಾತಾಡುವ ನಮಗೆ ಈ ವ್ಯತ್ಯಾಸ ಹೊಸದಲ್ಲ. ರೋಗಿಯನ್ನು ಸ್ವಲ್ಪ ಕಾಯಲು ಕೇಳುವಾಗಲೂ ಗಾದೆ ಬೇಡ, ‘ಕಿಶ್ ತ್ಯುರೆಲ್ಮೆತ್ ಕೇರೆಕ್’ ಎಂದರೆ ಸಾಕು. ನೋವಿನಲ್ಲಿರುವವರ ಮುಂದೆ ಗುಲಾಬಿಯ ಮಾತೇ ಎತ್ತಬಾರದು.

ಎದುರಿನವರ ಗೊಣಗಾಟ ಮುಗಿಯುವ ಮುನ್ನ ಗಾದೆ ಹೇಳಿದರೆ ಬಾಯಿ ಮುಚ್ಚಿಸಿದಂತಾಗುತ್ತದೆ. ಮುಗಿಯಲಿ, ಒಂದು ಕ್ಷಣ ಬಿಟ್ಟು ಹಗುರವಾಗಿ ಹೇಳಿ. ಕೆಲವೊಮ್ಮೆ ‘ತ್ಯುರೆಲೆಮ್...’ ಎಂದು ಮೊದಲ ಪದಕ್ಕೇ ನಿಲ್ಲಿಸಿದರೂ ಆಯಿತು, ಉಳಿದದ್ದು ಅವರಿಗೆ ಗೊತ್ತು.

ಅವಸರ ಮಾಡುವವರಿಗೆ ಬೇರೆ ಗಾದೆಯಿದೆ: ‘ಲಶ್ಶನ್ ಯಾರ್ಯ್, ತೊವಾಬ್ ಏರ್ಸ್’. ನಿಧಾನ ನಡೆ, ಹೆಚ್ಚು ದೂರ ಮುಟ್ಟುತ್ತೀಯ ಎಂದು. ಧಾರವಾಡದ ಕಡೆಯವರು ‘ಸಾವಕಾಶ ಹೋಗು’ ಎನ್ನುವ ಜಾಗದಲ್ಲಿ, ಪುಣೆ–ಮುಂಬಯಿ ರಸ್ತೆಯ ‘ಅತಿ ಘಾಈ ಸಂಕಟಾತ್ ನೇಈ’ (ಅತಿ ಅವಸರ ಸಂಕಟಕ್ಕೆ ಒಯ್ಯುತ್ತದೆ) ಎಂಬ ಮರಾಠಿ ಫಲಕದ ಜಾಗದಲ್ಲಿ ಇದು ಸರಿಯಾಗಿ ಕೂರುತ್ತದೆ. ಆದರೆ ಇದು ಏಕವಚನದ ಆಜ್ಞೆ. ಪ್ರೊಫೆಸರಿಗೆ ಹೇಳಿದರೆ ಕಿರಿಯರು ಹಿರಿಯರಿಗೆ ಬುದ್ಧಿ ಹೇಳಿದಂತೆ ಕೇಳಿಸೀತು. ಗುಲಾಬಿಯ ಗಾದೆಯಲ್ಲಿ ನೀನೂ ಇಲ್ಲ, ನೀವೂ ಇಲ್ಲ; ಹೊಸಬರಿಗೆ ಅದನ್ನೇ ಮೊದಲು ಕಲಿಸುವುದು ಇದೇ ಕಾರಣಕ್ಕೆ.

ತಡಮಾಡಿದವರು ನೆಪವಾಗಿ ಬಳಸುವುದು ‘ಯೋ ಮುನ್‌ಕಾಹೊಜ಼್ ಇದ್ಯೋ ಕೆಲ್’, ಒಳ್ಳೆಯ ಕೆಲಸಕ್ಕೆ ಸಮಯ ಬೇಕು ಎಂದು. ಕೊಟ್ಟ ಗಡುವು ದಾಟಿದ ಮೇಲೆ ಇದನ್ನು ಹೇಳಿದರೆ, ‘ಕೆಟ್ಟ ಕೆಲಸಕ್ಕೆ ಇನ್ನೂ ಹೆಚ್ಚು ಬೇಕು’ ಎಂದು ಎದುರಿನವರೇ ಮುಗಿಸಿಬಿಡುತ್ತಾರೆ. ಆ ನಗುವಿಗೆ ತಯಾರಿದ್ದರೆ ಮಾತ್ರ ಹೇಳಿ.

ತಾಳ್ಮೆಯ ಗಾದೆಗಳ ಪಟ್ಟಿಗಳಲ್ಲಿ ‘ಲಶ್ಶೂ ವೀಜ಼್ ಪರ್ತೊತ್ ಮೊಶ್’ ಕೂಡ ಸೇರಿಕೊಂಡಿರುತ್ತದೆ. ನಿಧಾನದ ನೀರು ದಡ ಕೊರೆಯುತ್ತದೆ ಎಂದು ಅರ್ಥ. ನಮ್ಮ ಹನಿಗೂಡಿದ ಹಳ್ಳದ ತಮ್ಮ ಎಂದುಕೊಂಡು ಹೊಗಳಲು ಬಳಸುವವರಿದ್ದಾರೆ. ಹಂಗೇರಿಯಲ್ಲಿ ಇದನ್ನು ಸದ್ದಿಲ್ಲದೆ ತನ್ನ ಕೆಲಸ ಸಾಧಿಸಿಕೊಳ್ಳುವವರ ಬಗ್ಗೆ ತುಸು ಗುಮಾನಿಯಿಂದಲೂ ಹೇಳುತ್ತಾರೆ. ಮೌನವಾಗಿ ದುಡಿಯುವ ಸಹೋದ್ಯೋಗಿಯ ಎದುರೇ ಇದನ್ನು ಹೇಳಿದರೆ ಅವರಿಗೆ ಖುಷಿಯಾಗುವ ಸಂಭವ ಕಡಿಮೆ.

ಪುರವಣಿಯಲ್ಲಿ ಮುಂದೆ ಪರಭಾಷೆಯ ಗಾದೆಗಳನ್ನು ಕೊಡುವಾಗ ಅರ್ಥದ ಪಕ್ಕದಲ್ಲಿ ಉಚ್ಚಾರವನ್ನೂ, ಹೇಳುವವರು ಯಾರು, ಕೇಳುವವರು ಯಾರು ಎಂಬ ಒಂದು ಸಾಲನ್ನೂ ಸೇರಿಸಿ ಎಂದು ಕೋರಿಕೆ.

– ಹಂಗೇರಿಯನ್ ಕಲಿಸುವ ಕೆಲವು ಕನ್ನಡಿಗರು, ಪುಣೆ