ಮಿಷನ್ ಪ್ರವಾಸಕ್ಕೆ ಟಿಕೆಟ್ ತೆಗೆಯುವ ಮುನ್ನ

ಮಾನ್ಯ ಸಂಪಾದಕರೇ,

ಕ್ರೈಸ್ತ ಸಭೆಯ (ಚರ್ಚಿನ) ಪರವಾಗಿ ಸೇವೆಗೂ ಧರ್ಮಪ್ರಚಾರಕ್ಕೂ ಹೋಗುವ ಹತ್ತು ದಿನದ ಹೊರದೇಶದ ಮಿಷನ್ ಪ್ರವಾಸವೆಂದರೆ ಕೆಲಸಕ್ಕೆ ಸಿಗುವುದು ಐದೇ ದಿನ. ಹೋಗಿಬರುವುದಕ್ಕೆ ಮೂರು ದಿನ ಹೋಗುತ್ತದೆ, ನಿದ್ದೆ ಸರಿಹೋಗುವುದಕ್ಕೆ ಒಂದು ದಿನ, ಭಾನುವಾರದ ಆರಾಧನೆ ಮತ್ತು ಸತ್ಕಾರಕ್ಕೆ ಇನ್ನೊಂದು. ಹೀಗಿದ್ದರೂ ಸಭೆಗಳ ಕರಪತ್ರದಲ್ಲಿ ಸುವಾರ್ತೆ (ಯೇಸುವಿನ ಸಂದೇಶ) ಸಾರುವುದು, ವೈದ್ಯಕೀಯ ಶಿಬಿರ, ಶಾಲೆ ಕಟ್ಟುವುದು, ಮಕ್ಕಳ ಕೂಟ ಎಲ್ಲವೂ ಇರುತ್ತವೆ. ಇಂಥ ತಂಡಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವ ನಾವು ಹೇಳಬೇಕಾದದ್ದು ಇಷ್ಟು: ಅಲ್ಪಾವಧಿಯ ಪ್ರವಾಸಕ್ಕೆ ತನ್ನದೇ ಆದ ಕೆಲಸವೆಂಬುದು ಇಲ್ಲ. ಅಲ್ಲಿಯ ಸಭೆ ವರ್ಷಗಟ್ಟಲೆ ಮಾಡುತ್ತಿರುವ ಕೆಲಸಕ್ಕೆ ಕೆಲವು ದಿನ ಹೆಗಲು ಕೊಡುವುದು, ಆ ಕೆಲಸವನ್ನು ಕಣ್ಣಾರೆ ನೋಡಿ ಕಲಿಯುವುದು, ಊರಿಗೆ ಮರಳಿದ ಮೇಲೂ ಆ ಸಂಬಂಧವನ್ನು ಉಳಿಸಿಕೊಳ್ಳುವುದು, ಇವೇ ಅದರ ಉದ್ದೇಶ.

ಈ ಮಾತು ಹೊಸದಲ್ಲ. ಬೈಬಲಿನ ಪ್ರಕಾರ ಅಪೊಸ್ತಲ ಪೌಲನು ಥೆಸಲೋನಿಕದಲ್ಲಿ ಯೆಹೂದ್ಯರ ಸಭಾಮಂದಿರದಲ್ಲಿ ವಾದಿಸಿದ್ದು ಮೂರು ಸಬ್ಬತ್ (ವಾರದ ವಿಶ್ರಾಂತಿ) ದಿನ. ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ, ತನ್ನ ಸಂಗಡಿಗ ತಿಮೊಥೆಯನನ್ನು ಕಳಿಸಿದ, ಪತ್ರ ಬರೆದ. ಕೊರಿಂಥದಲ್ಲಿ ಒಂದೂವರೆ ವರ್ಷ ನಿಂತ. ಮೊದಲ ಪ್ರಯಾಣದಲ್ಲೇ ಲುಸ್ತ್ರಕ್ಕೂ ಇಕೋನ್ಯಕ್ಕೂ ಹಿಂತಿರುಗಿ ಹೋಗಿ ಪ್ರತಿ ಸಭೆಗೂ ಹಿರಿಯರನ್ನು ನೇಮಿಸಿದ, ಕಡೆಗೆ ತನ್ನನ್ನು ಕಳಿಸಿದ ಅಂತಿಯೋಕ್ಯದ ಸಭೆಗೆ ನಡೆದದ್ದನ್ನೆಲ್ಲ ವರದಿ ಮಾಡಿದ. ಯುವಜನರ ಅಲ್ಪಾವಧಿ ಪ್ರವಾಸಗಳು ಈಗಿನ ರೂಪಕ್ಕೆ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ವಿದ್ಯಾರ್ಥಿ ಜಾರ್ಜ್ ವೆರ್ವರ್ ಗೆಳೆಯರೊಂದಿಗೆ ಸುವಾರ್ತೆ ಸಾರಲು ಮೆಕ್ಸಿಕೋಗೆ ಹೋದದ್ದು 1957ರಲ್ಲಿ, ಲೋರೆನ್ ಕನ್ನಿಂಗ್‌ಹ್ಯಾಮ್ ‘ಯೂತ್ ವಿತ್ ಎ ಮಿಷನ್’ ಎಂಬ ಯುವಜನರ ಮಿಷನ್ ಸಂಸ್ಥೆ ಆರಂಭಿಸಿದ್ದು 1960ರಲ್ಲಿ. ವಿಮಾನ ಸುಲಭವಾದಂತೆ ಪ್ರವಾಸದ ದಿನಗಳು ಕಡಿಮೆಯಾದವು, ಹೋಗುವವರು ಹೆಚ್ಚಾದರು.

ದುಡ್ಡಿನ ಲೆಕ್ಕವನ್ನು ಮೊದಲು ನೋಡೋಣ, ಏಕೆಂದರೆ ಸಭೆಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಮನೆ ಕಟ್ಟಲು ಹೋದ ತಂಡಗಳ ಕುರಿತು ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಅಧ್ಯಯನ ನಡೆಸಿದರು. ಸ್ಥಳೀಯ ಸಂಸ್ಥೆ ಸುಮಾರು 2,000 ಡಾಲರಿಗೆ ಕಟ್ಟುತ್ತಿದ್ದ ಮನೆಗೆ ಹೊರಗಿನ ತಂಡ ವಿಮಾನದ ಖರ್ಚೂ ಸೇರಿ ಸುಮಾರು 30,000 ಡಾಲರ್ ಸುರಿಯುತ್ತಿತ್ತು. ಮನೆ ಪಡೆದ ಕುಟುಂಬಗಳಿಗೆ ಯಾರು ಕಟ್ಟಿದರು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗಿರಲಿಲ್ಲ. ಹೋಗಿಬಂದವರು ತಮ್ಮ ಕಾಣಿಕೆ ಹೆಚ್ಚಿದೆ ಎಂದು ಹೇಳಿಕೊಂಡರೂ ದಾಖಲೆಗಳಲ್ಲಿ ಕಂಡ ಬದಲಾವಣೆ ಅತ್ಯಲ್ಪ. ಇದರಿಂದ ಪ್ರವಾಸವೇ ವ್ಯರ್ಥ ಎಂದಾಗುವುದಿಲ್ಲ. ಮನೆ ಕಟ್ಟುವುದಷ್ಟೇ ಉದ್ದೇಶವಾಗಿದ್ದರೆ ಹಣ ಕಳಿಸುವುದೇ ಸರಿ, ಆಳು ಕಳಿಸುವುದಾದರೆ ಅದಕ್ಕೆ ಬೇರೆ ಕಾರಣ ಇರಬೇಕು ಎಂದಾಗುತ್ತದೆ.

ಕಟ್ಟಡದ ಕೆಲಸ ಐದು ದಿನಕ್ಕೆ ಒಗ್ಗುವುದೂ ಇಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಕಡಿಮೆಯೆಂದರೂ ಏಳು ದಿನ ನೀರುಣಿಸಬೇಕು. ಸ್ಲ್ಯಾಬಿನ ಅಡಿಯ ಸೆಂಟ್ರಿಂಗ್ ಕಂಬಗಳನ್ನು ಅಗಲ ನೋಡಿಕೊಂಡು ಏಳರಿಂದ ಹದಿನಾಲ್ಕು ದಿನ ಬಿಟ್ಟು ತೆಗೆಯಬೇಕು. ಹೊರಡುವ ಮುನ್ನ ಮುಗಿದ ಕಟ್ಟಡದ ಮುಂದೆ ಫೋಟೋ ಬೇಕೆಂದು ಅವಸರಪಟ್ಟರೆ ನೀರು ಕಾಣದ ಗಾರೆ ಬಿರುಕು ಬಿಡುತ್ತದೆ, ಬೇಗ ಕಂಬ ಕಿತ್ತ ಸ್ಲ್ಯಾಬ್ ಬಾಗುತ್ತದೆ. ಅನುಭವವಿಲ್ಲದ ಕೈ ಕಟ್ಟಿದ ಗೋಡೆ ತೂಗುಗುಂಡಿನ ನೇರಕ್ಕೆ ಸರಿಹೊಂದದಿದ್ದರೆ ತಂಡ ಹೋದ ಮೇಲೆ ಮೇಸ್ತ್ರಿ ಅದನ್ನು ಕೆಡವಿ ಕಟ್ಟಬೇಕು. ಅದೇ ತಂಡ ಮೇಸ್ತ್ರಿಯ ಕೈಕೆಳಗೆ ಕಲ್ಲು, ಮರಳು ಹೊತ್ತುಕೊಟ್ಟು, ಮೇಸ್ತ್ರಿಗೂ ಅವರ ಆಳುಗಳಿಗೂ ಪೂರ್ತಿ ಕೂಲಿ ಸಿಗುವಂತೆ ನೋಡಿಕೊಂಡರೆ ಕೆಲಸವೂ ಕೆಡುವುದಿಲ್ಲ, ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ.

ವೈದ್ಯಕೀಯ ಶಿಬಿರ ಇನ್ನೂ ಸೂಕ್ಷ್ಮ. ರಕ್ತದೊತ್ತಡದವರಿಗೆ ಮೂವತ್ತು ದಿನದ ಮಾತ್ರೆ ಕೊಟ್ಟು ಬಂದರೆ ಮೂವತ್ತೊಂದನೆಯ ದಿನ ಅವರು ಎಲ್ಲಿಗೆ ಹೋಗಬೇಕು? ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಸದಾ ದೊರೆಯುವ ಔಷಧವನ್ನೇ ಬರೆಯಬೇಕು. ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಇರಬೇಕು. ಅದರ ಒಂದು ಪ್ರತಿ ಆ ಕೇಂದ್ರಕ್ಕೆ ಹೋಗಬೇಕು. ಕೊಡುಗೆಯ ಔಷಧ ತಲುಪುವ ಹೊತ್ತಿಗೆ ಅದರ ಅವಧಿ ಕನಿಷ್ಠ ಒಂದು ವರ್ಷ ಉಳಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮನೆಮನೆಯಿಂದ ಕೂಡಿಸಿದ ಅರೆಬರೆ ಸ್ಟ್ರಿಪ್‌ಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದರೆ ಕಸ್ಟಮ್ಸ್‌ನಲ್ಲಿ ನಿಲ್ಲುತ್ತವೆ, ನಿಲ್ಲುವುದೇ ನ್ಯಾಯ. ಆ ದೇಶದ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ಅನುಮತಿ ಇಲ್ಲದೆ ಡಾಕ್ಟರೂ ರೋಗಿಯನ್ನು ಮುಟ್ಟಬಾರದು. ವಿದ್ಯಾರ್ಥಿಗಳ ಕೈಗಂತೂ ಸೂಜಿ ಕೊಡಲೇಬಾರದು.

ಅನಾಥಾಶ್ರಮದ ಭೇಟಿಯನ್ನು ಕಾರ್ಯಕ್ರಮದಿಂದ ಪೂರ್ತಿ ಕೈಬಿಡಿ ಎಂದು ಒತ್ತಾಯದಿಂದಲೇ ಹೇಳುತ್ತೇವೆ. ಅನೇಕ ದೇಶಗಳಲ್ಲಿ ಇಂಥ ಆಶ್ರಮಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ಕಾಣಿಕೆ ತರುವ ಅತಿಥಿಗಳು ಹೆಚ್ಚಿದಷ್ಟೂ ಮಕ್ಕಳನ್ನು ಮನೆಯಿಂದ ತಂದು ತುಂಬಿಸುವ ಆಸೆ ಬೆಳೆಯುತ್ತದೆ. ವಾರಕ್ಕೊಂದು ತಂಡ ಬಂದು ಎತ್ತಿ ಮುದ್ದಾಡಿ ಹೊರಟುಹೋಗುತ್ತಿದ್ದರೆ ಆ ಮಗು ಪದೇ ಪದೇ ಬಿಟ್ಟುಹೋಗುವವರನ್ನೇ ಕಾಣುತ್ತದೆ. ಅನಾಥಾಶ್ರಮಗಳಲ್ಲಿ ಸ್ವಯಂಸೇವೆಯ ಕಾರ್ಯಕ್ರಮಗಳಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯುವಂತೆ ವಿಶ್ವಸಂಸ್ಥೆಯ ಮಹಾಸಭೆ 2019ರ ಡಿಸೆಂಬರಿನಲ್ಲೇ ದೇಶಗಳಿಗೆ ಕರೆ ಕೊಟ್ಟಿದೆ. 2010ರ ಜನವರಿಯಲ್ಲಿ ಹೈಟಿಯ ಭೂಕಂಪದ ಬೆನ್ನಿಗೇ ಹತ್ತು ಮಂದಿ ಅಮೆರಿಕನ್ ಕ್ರೈಸ್ತರು 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೋಗಿ ಬಂಧಿತರಾದರು. ಆ ಮಕ್ಕಳು ಅನಾಥರಾಗಿರಲಿಲ್ಲ. ತುರ್ತು ಎಂಬ ಭಾವನೆ ಒಳ್ಳೆಯವರ ವಿವೇಕವನ್ನೂ ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಪ್ರತಿಯೊಂದು ತಂಡದ ತರಬೇತಿಯಲ್ಲೂ ಈ ಪ್ರಕರಣವನ್ನು ಚರ್ಚಿಸಬೇಕು.

ಸುವಾರ್ತೆ ಸಾರುವುದಕ್ಕೇ ಹೋಗುವವರು ವೀಸಾ ನೋಡಿಕೊಳ್ಳಲಿ. ಅನೇಕ ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಧರ್ಮಪ್ರಚಾರಕ್ಕೆ ಅವಕಾಶವಿಲ್ಲ. 2018ರಲ್ಲಿ ಜಾರಿಗೆ ಬಂದ ನೇಪಾಳದ ದಂಡಸಂಹಿತೆಯ ಪ್ರಕಾರ ಮತಾಂತರ ಮಾಡಿಸಿದರೆ ಐದು ವರ್ಷದವರೆಗೆ ಜೈಲು, ವಿದೇಶಿಯರಾದರೆ ಶಿಕ್ಷೆಯ ನಂತರ ಗಡೀಪಾರು. ಬಂದವರಿಗೆ ವಿಮಾನವಿದೆ, ಠಾಣೆಗೆ ಅಲೆಯುವವರು ಅಲ್ಲಿಯ ವಿಶ್ವಾಸಿಗಳು. ಅವರ ಮುಖ, ಹೆಸರು, ಊರು ಇರುವ ಫೋಟೋ, ವಿಡಿಯೋ ಯಾವುದೂ ಅವರ ಒಪ್ಪಿಗೆಯಿಲ್ಲದೆ ಜಾಲತಾಣಕ್ಕೆ ಹೋಗಬಾರದು. ಇನ್ನು ದುಭಾಷಿಯ ಮೂಲಕ ಅರ್ಧ ಗಂಟೆ ಪ್ರಸಂಗ (ಧರ್ಮಬೋಧೆ) ಮಾಡಿದರೆ ಜನರಿಗೆ ಮುಟ್ಟುವುದು ಕಾಲು ಗಂಟೆಯ ವಿಷಯ. ಅಲ್ಲಿಯ ಸಭಾಪಾಲಕರು ತಮ್ಮ ಜನರಿಗೆ ಅವರದೇ ಭಾಷೆಯಲ್ಲಿ ಹೇಳುವುದು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರಸಂಗ ಅವರದಾಗಲಿ, ತಂಡದವರು ತಮ್ಮ ನಂಬಿಕೆಯ ಅನುಭವ ಹೇಳುವ ಐದು ನಿಮಿಷದ ಸಾಕ್ಷಿ ಸಾಕು.

ಹಾಗಾದರೆ ಹೋಗುವುದು ಹೇಗೆ? ಮೊದಲು ಅಲ್ಲಿಯ ಸಭೆಯಿಂದ ಪತ್ರ ಬರಲಿ: ಯಾವ ಕೆಲಸ, ಎಷ್ಟು ಜನ, ಯಾವ ತಿಂಗಳು. ಕೊಯ್ಲು, ಪರೀಕ್ಷೆ, ಮಳೆಗಾಲ ಯಾವಾಗ ಎಂಬುದು ಅವರಿಗೇ ಗೊತ್ತು. ನಮ್ಮ ರಜೆಗೆ ಅವರ ದಿನಚರಿಯನ್ನು ಬಗ್ಗಿಸಬಾರದು. ತಂಡ ಎಂಟು–ಹತ್ತು ಜನರನ್ನು ಮೀರದಿದ್ದರೆ ಒಂದೇ ವಾಹನ, ಒಬ್ಬಿಬ್ಬರು ದುಭಾಷಿಗಳು ಸಾಕು. ಹೊರಡುವ ಮುನ್ನ ಮೂರು ತಿಂಗಳು ವಾರಕ್ಕೊಮ್ಮೆ ಕೂಡಿ ಆ ದೇಶದ ಚರಿತ್ರೆ, ಅಲ್ಲಿಯ ಸಭೆಯ ಚರಿತ್ರೆ, ಕನಿಷ್ಠ ಇಪ್ಪತ್ತು–ಮೂವತ್ತು ಮಾತು ಕಲಿಯಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ; ಹಳದಿ ಜ್ವರದ ಲಸಿಕೆ ಬೇಕಿದ್ದರೆ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು, ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆಗುವವರೆಗೆ ಅದರ ಪ್ರಮಾಣಪತ್ರ ಸಲ್ಲದು. ಯಾರಿಗೂ ಕೈಯಲ್ಲಿ ಹಣ ಕೊಡಬೇಡಿ, ಓದಿಸುತ್ತೇವೆ, ಕರೆಸಿಕೊಳ್ಳುತ್ತೇವೆ ಎಂದು ಮಾತು ಕೊಡಬೇಡಿ. ಕೊಡುವುದಿದ್ದರೆ ಸಭೆಯ ಸಮಿತಿಗೆ, ಇಬ್ಬರ ಸಹಿಯ ರಸೀದಿಯೊಂದಿಗೆ. ಒಬ್ಬ ಸಭಾಪಾಲಕರ ಜೇಬಿಗೆ ಹೋದ ಗುಟ್ಟಿನ ಲಕೋಟೆಯಿಂದ ಸಭೆಯೇ ಒಡೆಯಬಹುದು.

ಹಿಂತಿರುಗಿದ ಮೇಲೆ ಆರು ತಿಂಗಳು ತಂಡ ತಿಂಗಳಿಗೊಮ್ಮೆಯಾದರೂ ಸೇರಲಿ. ಎರಡು ತಿಂಗಳಾದ ನಂತರ ಅಲ್ಲಿಯ ಸಭೆಗೆ ಬರೆದು, ಏನು ಉಪಯೋಗವಾಯಿತು, ಏನು ತೊಂದರೆಯಾಯಿತು ಎಂದು ಕೇಳಿ. ಉತ್ತರ ಏನೇ ಇದ್ದರೂ ಕೊಡುತ್ತಿರುವ ಸಹಾಯ ನಿಲ್ಲುವುದಿಲ್ಲ ಎಂದು ಮೊದಲೇ ತಿಳಿಸಿ. ಇಲ್ಲದಿದ್ದರೆ ಬರುವುದು ಬರೀ ಉಪಚಾರದ ಮಾತು. ಮುಂದಿನ ವರ್ಷ ತಂಡ ಬೇಡ, ಆ ಹಣದಲ್ಲಿ ನಮ್ಮ ಇಬ್ಬರು ಯುವಕರನ್ನು ದೇವಶಾಸ್ತ್ರ ಕಲಿಯಲು ಕಳಿಸಿ ಎಂದು ಅವರು ಬರೆದರೆ ಹಾಗೆಯೇ ಮಾಡಿ.

ಇತಿ,
ಮಿಷನ್ ತಂಡಗಳಿಗೆ ತರಬೇತಿ ಕೊಡುವ ಓದುಗರು