ಅಲಮಾರಿಯ ಬೀಗ ತೆಗೆಸಿ

ಮಾನ್ಯ ಸಂಪಾದಕರೇ,

ನಾನು ಆಳಂದ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಶಿಕ್ಷಕಿ. ಹೋದ ನವೆಂಬರಿನಲ್ಲಿ, ಮಕ್ಕಳ ಪುಸ್ತಕಗಳ ಚಿತ್ರಕಾರ ಎರಿಕ್ ಕಾರ್ಲ್ ಅವರ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ (ತುಂಬಾ ಹಸಿದ ಕಂಬಳಿಹುಳ) ಪುಸ್ತಕ ಹಿಡಿದು ಮಕ್ಕಳ ನಡುವೆ ಕೂತೆ. ತಂಗಿ ಬೆಂಗಳೂರಿನಿಂದ ತಂದದ್ದು. ಇಂಗ್ಲಿಷ್ ಪುಸ್ತಕ, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹುಳ ಕಂಡಿದ್ದೇ ತಡ ಒಬ್ಬ ಹುಡುಗ ಎದ್ದು, “ಟೀಚರ್, ತೊಗರಿ ಹುಳ ಅದರಿ! ಎಣ್ಣಿ ಹೊಡೀಬೇಕು” ಎಂದ. ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. ಹೊಲದಲ್ಲಿ ತೊಗರಿ ಕಾಯಿ ಕಟ್ಟುವ ಹೊತ್ತು. ಮನೆಯಲ್ಲಿ ದಿನವೂ ಅದೇ ಮಾತು ಇರುತ್ತದೆ ಅಲ್ವಾ?

ಈ ಹುಳ ಸೋಮವಾರ ಒಂದು ಸೇಬು ತಿನ್ನುತ್ತದೆ. ತಿಂದ ಕಡೆ ಪುಟದಲ್ಲಿ ನಿಜವಾದ ತೂತು. ಮಕ್ಕಳು ತೂತಿಗೆ ಬೆರಳು ತೂರಿಸಿ ಆಚೆ ಕುಣಿಸಿದ್ದೇ ಕುಣಿಸಿದ್ದು. ಕಾಗದದ ಕಟ್ಟಿಗೆ ತೂತು ಹಾಕುವಾಗ ಕಾರ್ಲ್ ಅವರಿಗೆ ಪುಸ್ತಕದ ಹುಳ ನೆನಪಾಯಿತಂತೆ. ಅದನ್ನು ಕಂಬಳಿಹುಳ ಮಾಡಿ ಎಂದವರು ಅವರ ಸಂಪಾದಕಿ. 1969ರಲ್ಲಿ ಪುಸ್ತಕ ಬಂತು. ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿ ಮಾಡಿದ ಚಿತ್ರಗಳು.

ಕಾರ್ಲ್ ಅವರ ಬಾಲ್ಯ ಇಷ್ಟು ಬಣ್ಣದ್ದಲ್ಲ. 1929ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಆರನೇ ವಯಸ್ಸಿಗೆ ಜರ್ಮನಿಗೆ ಹೋದರು. ಯುದ್ಧ ಬಂತು. ಅಪ್ಪ ರಷ್ಯಾದಲ್ಲಿ ಸೆರೆಯಾದರು. ಮಗನಿಗೆ 15ಕ್ಕೇ ಕಂದಕ ತೋಡುವ ಕೆಲಸ. ಆಧುನಿಕ ಚಿತ್ರಗಳನ್ನು ನಾಜಿಗಳು ನಿಷೇಧಿಸಿದ್ದ ಕಾಲ. ಅವರ ಡ್ರಾಯಿಂಗ್ ಮೇಷ್ಟ್ರು ಕ್ರೌಸ್ ಒಂದು ದಿನ ಹುಡುಗನನ್ನು ಮನೆಗೆ ಕರೆದು, ಮುಚ್ಚಿಟ್ಟಿದ್ದ ಅಂಥ ಚಿತ್ರಗಳನ್ನು ತೋರಿಸಿದರು. ಹುಡುಗ ಮರೆಯಲಿಲ್ಲ. 2011ರಲ್ಲಿ, 80 ದಾಟಿದ ಮೇಲೆ, ಅದೇ ನೆನಪಿನಲ್ಲಿ ನೀಲಿ ಕುದುರೆ ಬರೆಯುವ ಕಲಾವಿದನ ಬಗ್ಗೆ ಪುಸ್ತಕ ಮಾಡಿದರು. 2021ರಲ್ಲಿ ತೀರಿಕೊಂಡರು.

ಆ ಮೇಷ್ಟ್ರನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಹಿಂದೆ ನಾನಿದ್ದ ಶಾಲೆಯಲ್ಲಿ ಚಿತ್ರದ ಪುಸ್ತಕಗಳು ಅಲಮಾರಿಯೊಳಗೆ ಬೀಗ ಹಾಕಿಕೊಂಡಿದ್ದವು. ಹರಿದರೆ ಲೆಕ್ಕ ಕೊಡೋರು ಯಾರು ಅನ್ನೋ ಭಯ. ಮೂರು ವರ್ಷ ನಾನೂ ಸುಮ್ನೆ ಇದ್ದೆ. ಆ ಮಕ್ಕಳು ಅವನ್ನು ಗಾಜಿನಾಚೆಯಿಂದಲೇ ನೋಡಿ ದೊಡ್ಡವರಾದರು.

ಈಗಿನ ಮಕ್ಕಳು ಹಳೇ ಲಗ್ನಪತ್ರಿಕೆಗಳನ್ನು ಹೊಲಿದು ತಮ್ಮದೇ ಪುಸ್ತಕ ಮಾಡಿದ್ದಾರೆ. ಅವರ ಹುಳ ಸೋಮವಾರ ಒಂದು ಸೀತಾಫಲ ತಿನ್ನುತ್ತದೆ, ಶನಿವಾರ ಶೇಂಗಾ ಹೋಳಿಗೆ ಜಾಸ್ತಿ ತಿಂದು ಹೊಟ್ಟೆನೋವು. ಅವತ್ತು ತೊಗರಿ ಹುಳ ಎಂದಿದ್ದ ಹುಡುಗ ಮಾತ್ರ, “ನಮ್ಮ ಹುಳ ಮಣ್ಣಾಗ ಹೋಗಿ ಮಲಗ್ತದರಿ” ಎಂದು ಹಟ ಹಿಡಿದ. ಅವನು ಹೇಳಿದ್ದು ಸರಿ. ತೊಗರಿ ಹುಳ ಕೋಶ ಕಟ್ಟುವುದು ಮಣ್ಣಿನಲ್ಲೇ. ಆ ಪುಟಕ್ಕೆ ಹೊಲದ ಕರಿ ಮಣ್ಣನ್ನೇ ಅಂಟಿಸಿದ.

ಓದಿ ಹರಿದ ಪುಸ್ತಕಕ್ಕೆ ಶಿಕ್ಷಕರು ಹೊಣೆಯಲ್ಲ ಎಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಕಳಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ನಮ್ಮ ಒಂದರಿಂದ ಮೂರನೇ ತರಗತಿಗಳಿಗೆ ಕನ್ನಡದ ಚಿತ್ರ ಪುಸ್ತಕಗಳನ್ನು ಕೊಡಿಸಲಿ. ಈ ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಆಗಲಿ ಎಂದು ಕೈಮುಗಿದು ಕೇಳುತ್ತೇನೆ.

– ಒಬ್ಬ ಶಿಕ್ಷಕಿ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ